ಫಿಲ್ಮ್ ಸ್ಕೂಲಿಗೆ ಹೋದರೆ ಡೈರೆಕ್ಟರ್ ಆಗಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಡಿಗ್ರಿ ಮುಗಿದಿದೆ, ತಲೆ ತುಂಬ ಸಿನಿಮಾ ಇದೆ, ಇನ್ನೆರಡು ಮೂರು ವರ್ಷ ಕೊಟ್ಟು ನಿರ್ದೇಶನದಲ್ಲಿ ಸ್ನಾತಕೋತ್ತರ ಕೋರ್ಸ್ ಮಾಡಬೇಕಾ ಬೇಡ್ವಾ? ಇದನ್ನು ನನ್ನ ಹತ್ತಿರ ಕೇಳುವವರು ತುಂಬ ಜನ. ನಾನು ಅಂಥ ಒಂದು ಕೋರ್ಸ್ ಮಾಡಿ ಬಂದಿದ್ದೇನೆ. ಈಗ ಎಡಿಟಿಂಗ್ ಮಾಡುತ್ತೇನೆ, ನಡುನಡುವೆ ನನ್ನ ಕಿರುಚಿತ್ರಗಳನ್ನೂ ಮಾಡುತ್ತೇನೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಡುತ್ತಿದ್ದೇನೆ.

ಸುತ್ತಿ ಬಳಸಿ ಬೇಡ. ಉಪಯೋಗ ಆಗುತ್ತಾ, ಇಲ್ವಾ?

ಆಗುತ್ತದೆ. ಆದರೆ ಹೆಚ್ಚಿನವರು ಅಂದುಕೊಂಡ ಹಾಗಲ್ಲ.

ಡಾಕ್ಟರ್ ಆಗಬೇಕಾದರೆ ಸರ್ಟಿಫಿಕೇಟ್ ಬೇಕೇ ಬೇಕು. ಡೈರೆಕ್ಟರಿಗೆ ಅದು ಬೇಡ. ಯಾವ ನಿರ್ಮಾಪಕರೂ ನಿಮ್ಮ ಅಂಕಪಟ್ಟಿ ನೋಡಿ ಸಿನಿಮಾ ಕೊಡುವುದಿಲ್ಲ. ಅವರು ಕೇಳುವುದು ಎರಡೇ: ಏನು ಮಾಡಿದ್ದೀರಿ, ಈಗ ಏನು ಕಥೆ ಇದೆ. ಹಾಗಾಗಿ "ಕೋರ್ಸ್ ಮುಗಿಸಿದರೆ ಕೆಲಸ ಸಿಗುತ್ತದೆ" ಅನ್ನುವ ಲೆಕ್ಕದಲ್ಲಿ ಹೋಗುವುದಾದರೆ ಹೋಗಬೇಡಿ.

ಒಳ್ಳೆಯ ಫಿಲ್ಮ್ ಸ್ಕೂಲು ಕೊಡುವುದು ಬೇರೆ. ಸಿನಿಮಾ ಬಿಟ್ಟು ಬೇರೇನೂ ಯೋಚಿಸಬೇಕಿಲ್ಲದ ಒಂದಿಷ್ಟು ವರ್ಷ ಸಿಗುತ್ತದೆ. ನಿಮ್ಮಷ್ಟೇ ಹುಚ್ಚಿರುವ ನಾಲ್ಕು ಜನ ಸಿಗುತ್ತಾರೆ. ನಾಲ್ಕು ಜನರ ಮುಂದೆ ಕೆಟ್ಟ ಸಿನಿಮಾ ಮಾಡಿ ತೋರಿಸುವ ಜಾಗ ಸಿಗುತ್ತದೆ. ಇದೆಲ್ಲ ಮುಗಿದ ಮೇಲೆ ಏನೂ ಇಲ್ಲದ ಖಾಲಿ ವರ್ಷಗಳು ಬರುತ್ತವೆ, ಹೆಚ್ಚೂ ಕಡಿಮೆ ಎಲ್ಲರಿಗೂ. ಆ ಖಾಲಿ ವರ್ಷಗಳನ್ನು ದಾಟುವ ಶಕ್ತಿ ಉಳಿಸಿಕೊಂಡು ಹೊರಗೆ ಬರುತ್ತೀರಾ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದೇ ಮುಖ್ಯ. ಕೆಳಗೆ ಇದು ಮತ್ತೆ ಮತ್ತೆ ಬರುತ್ತದೆ.

ಫಿಲ್ಮ್ ಸ್ಕೂಲಿನ ಮೆಟ್ಟಿಲು ಹತ್ತದೆ ದೊಡ್ಡವರಾದವರು ಎಷ್ಟೋ ಜನ ಇದ್ದಾರಲ್ಲ?

ಇದ್ದಾರೆ. ಸತ್ಯಜಿತ್ ರೇ ಯಾವ ಫಿಲ್ಮ್ ಸ್ಕೂಲಿಗೂ ಹೋಗಲಿಲ್ಲ. ಸ್ಟ್ಯಾನ್ಲಿ ಕುಬ್ರಿಕ್ ಹೋಗಲಿಲ್ಲ. ಕ್ವೆಂಟಿನ್ ಟ್ಯಾರಂಟಿನೊ ವಿಡಿಯೊ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಪಾಲ್ ಥಾಮಸ್ ಆ್ಯಂಡರ್ಸನ್ ನ್ಯೂಯಾರ್ಕ್ ಯೂನಿವರ್ಸಿಟಿಗೆ ಸೇರಿ ಕೆಲವೇ ದಿನದಲ್ಲಿ ಬಿಟ್ಟು ಬಂದರು. ಕ್ರಿಸ್ಟಫರ್ ನೋಲನ್ ಓದಿದ್ದು ಇಂಗ್ಲಿಷ್ ಸಾಹಿತ್ಯ.

ಈ ಪಟ್ಟಿಯನ್ನು ತುಂಬ ಜನ ಧೈರ್ಯಕ್ಕೆ ಹಿಡಿದುಕೊಳ್ಳುತ್ತಾರೆ. ಆದರೆ ಸ್ವಲ್ಪ ಹತ್ತಿರ ಹೋಗಿ ನೋಡಿ. ರೇ ಜಾಹೀರಾತು ಕಂಪನಿಯಲ್ಲಿ ಚಿತ್ರ ಬಿಡಿಸುತ್ತಾ ವರ್ಷಗಟ್ಟಲೆ ಕಣ್ಣು ಪಳಗಿಸಿಕೊಂಡಿದ್ದರು, 1947ರಲ್ಲಿ ಗೆಳೆಯರ ಜೊತೆ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು, ಫ್ರಾನ್ಸಿನ ನಿರ್ದೇಶಕ ಜಾನ್ ರೆನ್ವಾ ಬಂಗಾಳಕ್ಕೆ ಬಂದಾಗ ಅವರ ಜೊತೆ ಲೊಕೇಶನ್ ಹುಡುಕುತ್ತಾ ಓಡಾಡಿದರು. ಕುಬ್ರಿಕ್ ಹದಿಹರೆಯದಿಂದಲೇ 'ಲುಕ್' ಪತ್ರಿಕೆಗೆ ಫೋಟೊ ತೆಗೆಯುತ್ತಿದ್ದರು. ನೋಲನ್ ಕಾಲೇಜಿನ ಫಿಲ್ಮ್ ಸೊಸೈಟಿಯ ಕ್ಯಾಮೆರಾ, ಎಡಿಟಿಂಗ್ ಸಾಮಾನು ಬಳಸಿಕೊಂಡೇ ಕಲಿತರು. ಅಕಿರ ಕುರೊಸಾವಾ 1936ರಲ್ಲಿ ಸ್ಟುಡಿಯೊಗೆ ಅಸಿಸ್ಟೆಂಟ್ ಆಗಿ ಸೇರಿದವರು, ಸ್ವಂತ ಸಿನಿಮಾ ಮಾಡಿದ್ದು 1943ರಲ್ಲಿ. ನಡುವೆ ಹೋದ ಏಳು ವರ್ಷ ಯಾವ ಕೋರ್ಸಿಗಿಂತ ಕಡಿಮೆ ಹೇಳಿ?

ಅಂದರೆ ಇವರಿಗೆಲ್ಲ ಒಂದೊಂದು ಶಾಲೆ ಇತ್ತು, ಬೋರ್ಡು ಮಾತ್ರ ಇರಲಿಲ್ಲ. ನಿಮಗೆ ಅಂಥದ್ದು ಯಾವುದಿದೆ ಅಂತ ಕೇಳಿಕೊಳ್ಳಿ. ವಾರ ವಾರ ಏನಾದರೂ ಶೂಟ್ ಮಾಡುವ ಗುಂಪು, ಸಿನಿಮಾ ತೋರಿಸಿ ಬೈಸಿಕೊಳ್ಳುವ ಸ್ನೇಹಿತರು, ಕೈಗೆ ಸಿಗುವ ಸಾಮಾನು, ಇವೆಲ್ಲ ಈಗಾಗಲೇ ಇದ್ದರೆ ಕೋರ್ಸ್ ಇಲ್ಲದೆಯೂ ನಡೆಯುತ್ತದೆ. ಇಲ್ಲದಿದ್ದರೆ ಟ್ಯಾರಂಟಿನೊ ಹೆಸರು ಹೇಳಿಕೊಂಡು ಸುಮ್ನೆ ಮನೆಯಲ್ಲಿ ಕೂತರೆ ಏನೂ ಆಗುವುದಿಲ್ಲ.

ಹಾಗಾದರೆ ಅಲ್ಲಿ ಓದಿ ದೊಡ್ಡವರಾದವರು?

ಅವರ ಪಟ್ಟಿಯೂ ಉದ್ದ ಇದೆ. ಸ್ಪೈಕ್ ಲೀ, ಆಂಗ್ ಲೀ, ಕ್ಲೋಯಿ ಜಾವೊ ನ್ಯೂಯಾರ್ಕಿನಲ್ಲಿ. ರಯಾನ್ ಕೂಗ್ಲರ್ ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ. ಜೇನ್ ಕ್ಯಾಂಪಿಯನ್ ಆಸ್ಟ್ರೇಲಿಯಾದಲ್ಲಿ. ಆಂದ್ರೆ ವಾಯ್ದಾ, ಕೀಸ್ಲೋವ್‌ಸ್ಕಿ ಪೋಲೆಂಡಿನ ವೂಚ್‌ನಲ್ಲಿ. ಅಡೂರ್ ಗೋಪಾಲಕೃಷ್ಣನ್, ಗಿರೀಶ್ ಕಾಸರವಳ್ಳಿ, ಪಾಯಲ್ ಕಪಾಡಿಯಾ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ. ಈ ಪಟ್ಟಿಯಿಂದಲೂ ಏನೂ ಸಾಬೀತಾಗುವುದಿಲ್ಲ, ಯಾಕೆಂದರೆ ಅದೇ ಬೆಂಚಿನಲ್ಲಿ ಕೂತು, ಒಂದೂ ಸಿನಿಮಾ ಮಾಡದೆ ಉಳಿದವರ ಪಟ್ಟಿ ಯಾರೂ ಬರೆಯುವುದಿಲ್ಲ. ಪ್ರಾಸ್ಪೆಕ್ಟಸ್ ನೋಡುವಾಗ ಇದು ನೆನಪಿರಲಿ.

ನೆಟ್‌ವರ್ಕಿಂಗ್ ಅಂತಾರಲ್ಲ, ದೊಡ್ಡವರ ಪರಿಚಯ ಆಗುತ್ತಾ?

ದೊಡ್ಡವರ ಪರಿಚಯ ಆಗಬಹುದು, ಅದರಿಂದ ಹೆಚ್ಚೇನೂ ಉಪಯೋಗ ಇಲ್ಲ. ಅತಿಥಿಯಾಗಿ ಬಂದು ಎರಡು ಗಂಟೆ ಮಾತಾಡಿ ಹೋದವರಿಗೆ ನಿಮ್ಮ ಹೆಸರು ನೆನಪಿರುವುದಿಲ್ಲ. ಕೈ ಹಿಡಿಯುವವರು ಪಕ್ಕದಲ್ಲಿ ಕೂತವರು.

ಸ್ಪೈಕ್ ಲೀ ಅವರ ಶುರುವಿನ ಸಿನಿಮಾಗಳನ್ನೆಲ್ಲ ಶೂಟ್ ಮಾಡಿದ ಅರ್ನೆಸ್ಟ್ ಡಿಕರ್ಸನ್ ಅವರ ಸಹಪಾಠಿ. ಸ್ಪೈಕ್ ಲೀ ಅವರ ಕೋರ್ಸಿನ ಕೊನೆಯ ಚಿತ್ರಕ್ಕೆ ಸೆಟ್ಟಿನಲ್ಲಿ ಕೆಲಸ ಮಾಡಿದವರಲ್ಲಿ ಆಂಗ್ ಲೀ ಕೂಡ ಒಬ್ಬರು. ಕ್ಲೋಯಿ ಜಾವೊ ಅವರ ಮೊದಲ ಮೂರು ಸಿನಿಮಾಗಳ ಕ್ಯಾಮೆರಾ ಹಿಡಿದ ಜೋಶುವಾ ಜೇಮ್ಸ್ ರಿಚರ್ಡ್ಸ್ ಕೂಡ ಅದೇ ಕಾಲೇಜಿನವರು. ರಯಾನ್ ಕೂಗ್ಲರ್ ಅವರ ವಿದ್ಯಾರ್ಥಿ ಕಿರುಚಿತ್ರಕ್ಕೆ ಸಂಗೀತ ಮಾಡಿದ ಹುಡುಗ ಲುಡ್ವಿಗ್ ಯೊರಾನ್ಸನ್ ಆಮೇಲೆ ಅವರ ಎಲ್ಲ ಸಿನಿಮಾಗಳಿಗೂ ಸಂಗೀತ ಕೊಟ್ಟರು, ಆಸ್ಕರ್ ಕೂಡ ತೆಗೆದುಕೊಂಡರು. ಬ್ಯಾರಿ ಜೆಂಕಿನ್ಸ್ ಮತ್ತು ಛಾಯಾಗ್ರಾಹಕ ಜೇಮ್ಸ್ ಲ್ಯಾಕ್ಸ್‌ಟನ್ ಕೂಡ ಹೀಗೇ ಫಿಲ್ಮ್ ಸ್ಕೂಲಿನಲ್ಲಿ ಸಿಕ್ಕವರು. ಮೊದಲ ಸಲ ಭೇಟಿಯಾದಾಗ ಇವರಲ್ಲಿ ಯಾರೂ ಯಾರಿಗೂ ಗೊತ್ತಿದ್ದವರಲ್ಲ.

ನನ್ನದೇ ಒಂದು ರಾತ್ರಿ ಹೇಳುತ್ತೇನೆ. ಮೊದಲ ವರ್ಷ, ಸಹಪಾಠಿಯ ಶೂಟಿಂಗು, ನನ್ನ ಕೆಲಸ ಬೂಮ್, ಅಂದರೆ ಉದ್ದ ಕಂಬದ ತುದಿಗೆ ಕಟ್ಟಿದ ಮೈಕು, ಹಿಡಿಯುವುದು. ರಾತ್ರಿ ಎರಡು ಗಂಟೆ, ತೋಳು ನಡುಗುತ್ತಿತ್ತು, ಮೈಕು ಫ್ರೇಮಿನೊಳಗೆ ಇಳಿದು ಎರಡು ಟೇಕ್ ಹಾಳು ಮಾಡಿದ್ದೆ. ಮೂರನೇ ಟೇಕಿಗೆ ಮುಂಚೆ ಸೌಂಡ್ ಓದುತ್ತಿದ್ದ ಹುಡುಗಿ ಏನೂ ಹೇಳದೆ ಬಂದಳು. ನನ್ನ ಎರಡೂ ಮೊಣಕೈ ಹಿಡಿದು ಮೇಲಕ್ಕೆತ್ತಿ, ಕಂಬವನ್ನು ತಲೆಯ ಮೇಲೆ ಅಡ್ಡ ಬರುವ ಹಾಗೆ ಇಟ್ಟಳು. ಭಾರ ತೋಳಿನಿಂದ ಬೆನ್ನಿಗೆ ಹೋಯಿತು. ಟೇಕ್ ಓಕೆ ಆಯಿತು. ಆಮೇಲೆ ನಾನು ಮಾಡಿದ ಪ್ರತಿ ಕಿರುಚಿತ್ರಕ್ಕೂ ಸೌಂಡ್ ಅವಳದ್ದೇ. ದುಡ್ಡು ಇದ್ದಾಗ ಕೊಟ್ಟಿದ್ದೇನೆ, ಇಲ್ಲದಾಗಲೂ ಬಂದಿದ್ದಾಳೆ.

ಅದಕ್ಕೇ ಹೇಳುವುದು, ಫಿಲ್ಮ್ ಸ್ಕೂಲಿಗೆ ಹೋದರೆ ನಿಮ್ಮ ಸಿನಿಮಾಗಿಂತ ಜಾಸ್ತಿ ಬೇರೆಯವರ ಸಿನಿಮಾಗೆ ದುಡಿಯಿರಿ. ಲೈಟು ಹೊರಿ, ಕ್ಲಾಪ್ ಹೊಡೆಯಿರಿ. ಯಾರು ಹೊತ್ತಿಗೆ ಸರಿಯಾಗಿ ಬರುತ್ತಾರೆ, ಯಾರು ಕಷ್ಟ ಬಂದಾಗ ಕಿರುಚುವುದಿಲ್ಲ, ಯಾರ ಕಣ್ಣು ಚೆನ್ನಾಗಿದೆ ಅನ್ನುವುದು ಅಲ್ಲಿ ಮಾತ್ರ ಗೊತ್ತಾಗುತ್ತದೆ. ಅವರಿಗೂ ನಿಮ್ಮ ಬಗ್ಗೆ ಗೊತ್ತಾಗುತ್ತದೆ.

ಎಲ್ಲ ಪಾಠ ಯೂಟ್ಯೂಬಿನಲ್ಲೇ ಸಿಗುತ್ತಲ್ಲ, ಕ್ಲಾಸಿನಲ್ಲಿ ಜಾಸ್ತಿ ಏನು ಕಲಿಸುತ್ತಾರೆ?

ಲೆನ್ಸ್ ಅಂದರೇನು, ಮೂರು ಪಾಯಿಂಟ್ ಲೈಟಿಂಗ್ ಹೇಗೆ, ಎಡಿಟಿಂಗ್ ಸಾಫ್ಟ್‌ವೇರ್ ಹೇಗೆ ಬಳಸುವುದು, ಇದೆಲ್ಲ ಯೂಟ್ಯೂಬಿನಲ್ಲಿ ಇದೆ, ಎಷ್ಟೋ ಸಲ ಕ್ಲಾಸಿಗಿಂತ ಚೆನ್ನಾಗಿಯೇ ಇದೆ. ಬರೀ ಇದಕ್ಕೋಸ್ಕರ ಫೀಸು ಕಟ್ಟಬೇಡಿ.

ಯೂಟ್ಯೂಬಿನಲ್ಲಿ ಸಿಗದೆ ಇರುವುದು ಒಂದಿದೆ. ನೀವು ಮಾಡಿದ್ದನ್ನು ಕತ್ತಲೆ ಕೋಣೆಯಲ್ಲಿ ಹದಿನೈದು ಜನ ನಿಮ್ಮ ಕಣ್ಣೆದುರೇ ನೋಡುವುದು.

ನನ್ನ ಎರಡನೇ ಅಭ್ಯಾಸ ಚಿತ್ರ ಆರು ನಿಮಿಷದ್ದು. ಅಪ್ಪ ಮತ್ತು ಮಗ ಮೇಜಿನ ಎರಡು ಕಡೆ ಕೂತಿರುತ್ತಾರೆ, ಮಗ ಮನೆ ಬಿಟ್ಟು ಹೋಗುತ್ತೇನೆ ಅನ್ನುತ್ತಾನೆ. ಇಪ್ಪತ್ತಕ್ಕೂ ಜಾಸ್ತಿ ಶಾಟ್ ಇಟ್ಟಿದ್ದೆ, ಕ್ಲೋಸಪ್ ಮೇಲೆ ಕ್ಲೋಸಪ್. ಮೇಷ್ಟ್ರು ಒಮ್ಮೆ ಪೂರ್ತಿ ನೋಡಿದರು. ಆಮೇಲೆ ಸೌಂಡ್ ಆಫ್ ಮಾಡಿ ಮತ್ತೆ ಹಾಕಿದರು. ಮಾತಿಲ್ಲದೆ ನೋಡಿದಾಗ ಏನೂ ಆಗುತ್ತಿರಲಿಲ್ಲ, ಎರಡು ತಲೆ ಒಂದಾದ ಮೇಲೊಂದು ಬಾಯಿ ಆಡಿಸುತ್ತಿದ್ದವು, ಅಷ್ಟೇ. ಒಂದು ಕಡೆ ಮಾತ್ರ ಮೇಷ್ಟ್ರು ನಿಲ್ಲಿಸಿದರು. ಅಪ್ಪನ ಪಾತ್ರ ಮಾಡಿದವರು ಮಾತು ಮರೆತು, ಮುಂದಿದ್ದ ಲೋಟವನ್ನು ಸುಮ್ನೆ ಒಂದು ಸುತ್ತು ತಿರುಗಿಸಿದ್ದರು. ನಾನು ಅದನ್ನು ಅರ್ಧಕ್ಕೆ ಕತ್ತರಿಸಿದ್ದೆ. "ಇದು ಯಾಕೆ ಕತ್ತರಿಸಿದೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬಳು "ನನಗೆ ಅವರು ಅಪ್ಪ ಅನ್ನಿಸಿದ್ದೇ ಅಲ್ಲಿ" ಅಂದಳು.

ಆವತ್ತು ಎಡಿಟ್ ರೂಮಿಗೆ ವಾಪಸ್ ಹೋಗಿ ಆ ಲೋಟದ ಶಾಟ್ ಪೂರ್ತಿ ಇಟ್ಟೆ, ಅದರ ಸುತ್ತ ಇದ್ದ ಎಂಟು ಶಾಟ್ ತೆಗೆದೆ. ಚಿತ್ರ ನಾಲ್ಕು ನಿಮಿಷಕ್ಕೆ ಬಂತು. ಇವತ್ತಿಗೂ ನಾನು ಯಾವ ದೃಶ್ಯ ಕತ್ತರಿಸುವಾಗಲೂ ಒಮ್ಮೆ ಸೌಂಡ್ ಆಫ್ ಮಾಡಿ ನೋಡುತ್ತೇನೆ.

ಇಂಥದ್ದು ಒಂದು ಸಲ ಆದರೆ ಸಾಲದು, ಹತ್ತು ಹದಿನೈದು ಸಲ ಆಗಬೇಕು. ಹೊರಗೆ ನಿಮ್ಮ ಸಿನಿಮಾ ನೋಡಿದವರು "ಚೆನ್ನಾಗಿದೆ" ಅಂತಾರೆ, ಇಲ್ಲ ಸುಮ್ಮನಾಗುತ್ತಾರೆ. ಎಲ್ಲಿ ಬೇಜಾರಾಯಿತು ಅಂತ ಬಾಯಿಬಿಟ್ಟು ಹೇಳುವವರು ಸಿಗುವುದು ಕಷ್ಟ. ಸ್ಕೂಲಿನಲ್ಲಿ ಅದೇ ದಿನಚರಿ. ಸೋಲುವುದಕ್ಕೂ ಅಲ್ಲಿ ಜಾಗ ಇದೆ. ಹೊರಗೆ ಮೊದಲ ಸಿನಿಮಾ ಸೋತರೆ ಎರಡನೆಯದು ಸಿಗುವುದೇ ಅನುಮಾನ ಅಲ್ವಾ?

ನಟರ ಜೊತೆ ಕೆಲಸ ಮಾಡುವುದನ್ನೂ ಇಲ್ಲಿ ಸೇರಿಸಬೇಕು. ಕ್ಯಾಮೆರಾ ಬಗ್ಗೆ ಎಲ್ಲ ಗೊತ್ತಿದ್ದು, ನಟನಿಗೆ ಏನು ಹೇಳಬೇಕು ಅಂತ ಗೊತ್ತಿಲ್ಲದ ಹೊಸ ನಿರ್ದೇಶಕರು ತುಂಬ ಜನ. ಇದನ್ನು ಕಲಿಸುವ ಸ್ಕೂಲಾದರೆ ನಾನು ಕಣ್ಣುಮುಚ್ಚಿ ಹೋಗಿ ಅನ್ನುತ್ತೇನೆ.

ಕೋರ್ಸ್ ಮುಗಿದ ಮಾರನೇ ದಿನ ಏನಾಗುತ್ತದೆ?

ಏನೂ ಆಗುವುದಿಲ್ಲ. ಫೋನ್ ಬರುವುದಿಲ್ಲ.

ಆಂಗ್ ಲೀ 1984ರಲ್ಲಿ ಕೋರ್ಸ್ ಮುಗಿಸಿದರು. ಅವರ ಕೊನೆಯ ಚಿತ್ರಕ್ಕೆ ಕಾಲೇಜಿನಲ್ಲಿ ಪ್ರಶಸ್ತಿ ಬಂತು, ಏಜೆಂಟ್ ಕೂಡ ಸಿಕ್ಕರು. ಆಮೇಲೆ ಸುಮಾರು ಆರು ವರ್ಷ ಸಿನಿಮಾ ಕೆಲಸ ಅಂತ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಮನೆಯಲ್ಲಿದ್ದು ಅಡುಗೆ ಮಾಡುತ್ತಾ, ಮಕ್ಕಳನ್ನು ನೋಡಿಕೊಳ್ಳುತ್ತಾ ಚಿತ್ರಕಥೆ ಬರೆದರು. ಹೆಂಡತಿ ವಿಜ್ಞಾನಿ, ಅವರ ಸಂಬಳದಲ್ಲಿ ಮನೆ ನಡೆಯಿತು. 1990ರಲ್ಲಿ ತೈವಾನ್ ಸರ್ಕಾರದ ಚಿತ್ರಕಥೆ ಸ್ಪರ್ಧೆಯಲ್ಲಿ ಅವರ ಎರಡು ಸ್ಕ್ರಿಪ್ಟಿಗೆ ಬಹುಮಾನ ಬಂತು, ಅಲ್ಲಿಂದ ಮೊದಲ ಸಿನಿಮಾ ಆಯಿತು. ಅದೇ ವ್ಯಕ್ತಿ ಆಮೇಲೆ ಎರಡು ಸಲ ಅತ್ಯುತ್ತಮ ನಿರ್ದೇಶಕ ಆಸ್ಕರ್ ಪಡೆದರು.

ಆರಿ ಆ್ಯಸ್ಟರ್ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಮಾಡಿದ ಕೊನೆಯ ಚಿತ್ರ 2011ರಲ್ಲಿ ಹೊರಬಂದು ಸಾಕಷ್ಟು ಸದ್ದು ಮಾಡಿತು. ಮೊದಲ ಪೂರ್ಣಾವಧಿ ಸಿನಿಮಾ ಬಂದಿದ್ದು 2018ರಲ್ಲಿ. ಬ್ಯಾರಿ ಜೆಂಕಿನ್ಸ್ ಮೊದಲ ಸಿನಿಮಾ 2008, ಎರಡನೆಯದು 2016. ರಯಾನ್ ಕೂಗ್ಲರ್ ಥರ 2011ರಲ್ಲಿ ಕೋರ್ಸ್ ಮುಗಿಸಿ 2013ರಲ್ಲಿ ಮೊದಲ ಸಿನಿಮಾಗೇ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದ ದೊಡ್ಡ ಬಹುಮಾನ ಪಡೆಯುವವರು ಬೆರಳೆಣಿಕೆಯಷ್ಟು.

ಇವರೆಲ್ಲ ಗೆದ್ದವರು. ಗೆದ್ದವರಿಗೇ ಆರು, ಏಳು, ಎಂಟು ವರ್ಷ ಹಿಡಿದಿದೆ. ಹಾಗಾಗಿ ಕೋರ್ಸ್ ಎರಡು ಮೂರು ವರ್ಷದ್ದು ಅಂತ ಲೆಕ್ಕ ಹಾಕಬೇಡಿ. ಅದರ ಹಿಂದೆಯೇ ಇನ್ನೊಂದು ಐದಾರು ವರ್ಷ ಇದೆ ಅಂತ ಈಗಲೇ ಬರೆದಿಟ್ಟುಕೊಳ್ಳಿ. ಆ ವರ್ಷಗಳಲ್ಲಿ ಬಾಡಿಗೆ ಯಾರು ಕಟ್ಟುತ್ತಾರೆ, ಬರೆಯುವುದಕ್ಕೆ ದಿನಕ್ಕೆ ಎರಡು ಗಂಟೆ ಎಲ್ಲಿಂದ ಬರುತ್ತದೆ? ಕೋರ್ಸ್ ಸೇರುವ ಮುಂಚೆಯೇ ಇದಕ್ಕೆ ಒಂದು ಉತ್ತರ ಇರಬೇಕು.

ಸಾಲ ಮಾಡಿ ಹೋಗಬಹುದಾ?

ಮೇಲಿನ ಉತ್ತರ ಓದಿದ ಮೇಲೆ ಇದಕ್ಕೆ ಉತ್ತರ ನಿಮಗೇ ಗೊತ್ತಾಗಿರಬೇಕು. ದೊಡ್ಡ ಸಾಲ ಮಾಡಿ ಹೋಗಬೇಡಿ.

2021ರಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಒಂದು ವರದಿ ಮಾಡಿತು. ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಸರ್ಕಾರಿ ಶಿಕ್ಷಣ ಸಾಲ ತೆಗೆದುಕೊಂಡು ಸಿನಿಮಾ ಸ್ನಾತಕೋತ್ತರ ಕೋರ್ಸ್ ಮಾಡಿದವರನ್ನು ಸಾಲದ ಮೊತ್ತದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಟ್ಟನಡುವೆ ನಿಂತವರ ತಲೆ ಮೇಲೆ 1,81,000 ಡಾಲರ್ ಇತ್ತು. ಕೋರ್ಸ್ ಮುಗಿದು ಎರಡು ವರ್ಷ ಆದಮೇಲೂ ಅವರಲ್ಲಿ ಅರ್ಧ ಜನರ ವರ್ಷದ ದುಡಿಮೆ 30,000 ಡಾಲರಿಗಿಂತ ಕಡಿಮೆ. ಅದು ಹೆಸರಿಲ್ಲದ ಕಾಲೇಜಲ್ಲ, ಜಗತ್ತಿನ ದೊಡ್ಡ ದೊಡ್ಡವರು ಪಾಠ ಮಾಡುವ ಜಾಗ. ಅಲ್ಲಿಯೇ ಹೀಗೆ.

ಸಾಲದ ಕೆಡುಕು ಬರೀ ಬಡ್ಡಿಯಲ್ಲಿ ಇಲ್ಲ. ಕಂತು ಕಟ್ಟಬೇಕು ಅಂದರೆ ತಿಂಗಳ ಸಂಬಳದ ಕೆಲಸಕ್ಕೆ ಸೇರಲೇಬೇಕು, ಅದೂ ಬೇಗ. ಆಗ ಸ್ಕ್ರಿಪ್ಟ್ ಬರೆಯುವ ಹೊತ್ತು ಹೋಗುತ್ತದೆ. ಸ್ನೇಹಿತ ನಾಲ್ಕು ದಿನದ ಶೂಟಿಂಗಿಗೆ ಕರೆದರೆ ಹೋಗುವುದಕ್ಕಾಗುವುದಿಲ್ಲ. ಎರಡು ಸಲ ಹೋಗದಿದ್ದರೆ ಮೂರನೇ ಸಲ ಕರೆಯುವುದಿಲ್ಲ. ಕೋರ್ಸಿನಿಂದ ಗಳಿಸಿದ್ದ ಜೊತೆಗಾರರನ್ನು ಆ ಕೋರ್ಸಿನ ಸಾಲವೇ ಕಿತ್ತುಕೊಳ್ಳುತ್ತದೆ. ನನ್ನ ಬ್ಯಾಚಿನಲ್ಲಿ ನನಗಿಂತ ಎಷ್ಟೋ ಚೆನ್ನಾಗಿ ಶಾಟ್ ಇಡುತ್ತಿದ್ದ ಒಬ್ಬ ಹೀಗೇ ದೂರವಾದ. ಅವನನ್ನು ನೆನೆದರೆ ಈಗಲೂ ಹೊಟ್ಟೆ ಚುರ್ರ್ ಅನ್ನುತ್ತದೆ.

ಸ್ಕಾಲರ್‌ಶಿಪ್ ಸಿಕ್ಕಿದೆ, ಇಲ್ಲ ಸರ್ಕಾರ ನಡೆಸುವ ಸ್ಕೂಲು, ಫೀಸು ಕಡಿಮೆ ಅಂದರೆ ಲೆಕ್ಕವೇ ಬೇರೆ. ಯುರೋಪಿನ ಹಲವು ಸರ್ಕಾರಿ ಫಿಲ್ಮ್ ಸ್ಕೂಲುಗಳಲ್ಲಿ ಅಮೆರಿಕದ ಖಾಸಗಿ ಯೂನಿವರ್ಸಿಟಿಗಳಿಗೆ ಹೋಲಿಸಿದರೆ ಫೀಸು ತೀರಾ ಕಡಿಮೆ. ಆದರೆ ಸೀಟು ಕಡಿಮೆ, ಆ ದೇಶದ ಭಾಷೆ ಬರಬೇಕಾಗಬಹುದು.

ಆ ಫೀಸಿನ ದುಡ್ಡಲ್ಲೇ ಒಂದು ಸಿನಿಮಾ ಮಾಡಿಬಿಟ್ಟರೆ?

ಒಳ್ಳೆಯ ಪ್ರಶ್ನೆ, ಆದರೆ "ಒಂದು" ಅನ್ನುವುದೇ ತಪ್ಪು. ಇರುವ ದುಡ್ಡನ್ನೆಲ್ಲ ಮೊದಲ ಸಿನಿಮಾಗೆ ಸುರಿದರೆ ಅದು ಕೈ ಪಳಗದೆ ಮಾಡಿದ ಸಿನಿಮಾ ಆಗುತ್ತದೆ, ಎರಡನೆಯದಕ್ಕೆ ದುಡ್ಡಿರುವುದಿಲ್ಲ. ಅದನ್ನೇ ಒಡೆದು ಆರು ಕಿರುಚಿತ್ರ ಮಾಡಿ. ಮೊದಲ ಮೂರನ್ನು ಯಾರಿಗೂ ತೋರಿಸಲಾಗದಷ್ಟು ಕೆಟ್ಟದಾಗಿ ಮಾಡುತ್ತೀರಿ, ಪರವಾಗಿಲ್ಲ. ನಾಲ್ಕನೆಯದರಲ್ಲಿ ಏನೋ ಹಿಡಿತಕ್ಕೆ ಬರುತ್ತದೆ. ಪ್ರತಿಯೊಂದನ್ನೂ ಹದಿನೈದು ಜನರನ್ನು ಕೂರಿಸಿ ತೋರಿಸಿ, ಹಿಂದೆ ನಿಂತು ಅವರ ಬೆನ್ನು ನೋಡಿ. ಎಲ್ಲಿ ಅಲುಗಾಡುತ್ತಾರೋ ಅಲ್ಲಿ ಸಿನಿಮಾ ಜಾಳಾಗಿದೆ.

ಇಷ್ಟು ಶಿಸ್ತು ನಿಮಗೆ ನೀವೇ ಹಾಕಿಕೊಳ್ಳಬಲ್ಲಿರಾದರೆ ಸ್ಕೂಲು ಬೇಡ. ಹೆಚ್ಚಿನವರಿಗೆ ಆಗುವುದಿಲ್ಲ, ನನಗೂ ಆಗುತ್ತಿರಲಿಲ್ಲ. ಯಾರೋ ಗಡುವು ಕೊಟ್ಟರೇನೇ ನಾನು ಮುಗಿಸುವುದು.

ಅಸಿಸ್ಟೆಂಟ್ ಡೈರೆಕ್ಟರ್ ಆಗಿ ಸೇರುವುದು ಮೇಲಲ್ವಾ? ಸಂಬಳವೂ ಬರುತ್ತದೆ.

ಎಲ್ಲಿ ಸೇರುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಇದು ತುಂಬ ಜನರಿಗೆ ಗೊತ್ತಿಲ್ಲದ ವಿಷಯ. ಹಳೆಯ ಜಪಾನಿನ ಸ್ಟುಡಿಯೊಗಳಲ್ಲಿ, ಭಾರತದ ಚಿತ್ರರಂಗಗಳಲ್ಲಿ ಅಸಿಸ್ಟೆಂಟ್ ಅಂದರೆ ನಿರ್ದೇಶಕರ ಕೈಕೆಳಗಿನ ಶಿಷ್ಯ. ಬರವಣಿಗೆಯಿಂದ ಡಬ್ಬಿಂಗ್ ತನಕ ಎಲ್ಲದರಲ್ಲೂ ಕೈ ಹಾಕುತ್ತಾರೆ, ಮುಂದೆ ನಿರ್ದೇಶಕರಾಗುತ್ತಾರೆ. ಹಾಲಿವುಡ್ ಪದ್ಧತಿಯಲ್ಲಿ ಫಸ್ಟ್ ಅಸಿಸ್ಟೆಂಟ್ ಡೈರೆಕ್ಟರ್ ಕೆಲಸವೇ ಬೇರೆ. ಶೆಡ್ಯೂಲ್ ಹಾಕುವುದು, ಸೆಟ್ ಹೊತ್ತಿಗೆ ಸರಿಯಾಗಿ ನಡೆಸುವುದು, ಎಲ್ಲರ ಸುರಕ್ಷತೆ ನೋಡಿಕೊಳ್ಳುವುದು. ಅಲ್ಲಿ ಬಡ್ತಿ ಸಿಕ್ಕರೆ ಪ್ರೊಡಕ್ಷನ್ ಮ್ಯಾನೇಜರ್ ಕಡೆಗೆ ಹೋಗುವುದೇ ಜಾಸ್ತಿ, ನಿರ್ದೇಶನದ ಕಡೆಗಲ್ಲ.

ಶಿಷ್ಯನಾಗಿ ಸೇರುವ ಅವಕಾಶ ಇದ್ದು, ಆ ನಿರ್ದೇಶಕರು ಕಲಿಸುವವರಾದರೆ ಹೋಗಿ. ಆದರೆ ಒಂದು ಎಚ್ಚರ ಇರಲಿ. ಅಸಿಸ್ಟೆಂಟ್ ಆದವರು ಬೇರೆಯವರ ಸಿನಿಮಾ ನಡೆಸುವುದರಲ್ಲಿ ಪಳಗುತ್ತಾರೆ, ತಮ್ಮ ಸ್ವಂತ ಒಂದು ದೃಶ್ಯವನ್ನೂ ತೆಗೆಯದೆ ಹತ್ತು ವರ್ಷ ಕಳೆದುಬಿಡುತ್ತಾರೆ. ವರ್ಷಕ್ಕೊಂದು ಸ್ವಂತದ್ದು ಮಾಡಲೇಬೇಕು, ಮೊಬೈಲಿನಲ್ಲಾದರೂ ಸರಿ.

ಸಿನಿಮಾದಲ್ಲಿ ನನಗೆ ಯಾರೂ ಪರಿಚಯ ಇಲ್ಲ. ನನ್ನಂಥವರಿಗೆ?

ನಿಜ ಹೇಳಬೇಕೆಂದರೆ ಫಿಲ್ಮ್ ಸ್ಕೂಲು ಇರುವುದೇ ನಿಮ್ಮಂಥವರಿಗೆ. ಅಪ್ಪನೋ ಮಾವನೋ ಸಿನಿಮಾದಲ್ಲಿ ಇರುವವರಿಗೆ ಸೆಟ್ಟಿನ ಬಾಗಿಲು ತೆರೆದೇ ಇರುತ್ತದೆ. ಹೊರಗಿನವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ರಾತ್ರಿ ಶೂಟಿಂಗಿನಲ್ಲಿ ಹೊಸಬರಾಗಿ ಹೋಗಿ ನಿಲ್ಲುವುದು ಸುಲಭ ಅಲ್ಲ. ಸ್ಕೂಲಿನಲ್ಲಿ ನೀವು ಅಲ್ಲಿರುವುದಕ್ಕೆ ಯಾರ ಅಪ್ಪಣೆಯೂ ಬೇಡ. ಕ್ಯಾಮೆರಾ ನಿಮ್ಮ ಕೈಗೂ ಬರುತ್ತದೆ, ಸರದಿ ಪ್ರಕಾರ.

ಓದಿದ್ದು ಬೇರೆ ವಿಷಯ. ತೊಂದರೆ ಆಗುತ್ತಾ?

ಇಲ್ಲ. ಗಿರೀಶ್ ಕಾಸರವಳ್ಳಿ ಫಾರ್ಮಸಿ ಓದಿ ಪುಣೆಗೆ ಹೋದವರು. ಅಲ್ಲೇ ಓದಿ ಕಿರುಚಿತ್ರ ಮಾಡಿದ ಚಿದಾನಂದ ನಾಯ್ಕ್ ಎಂಬಿಬಿಎಸ್ ಮಾಡಿದ ಡಾಕ್ಟರು. ಬೇರೆ ಏನಾದರೂ ಓದಿ, ಸ್ವಲ್ಪ ದುಡಿದು, ಜನರನ್ನು ನೋಡಿ ಬಂದವರ ಹತ್ತಿರ ಹೇಳುವುದಕ್ಕೆ ವಿಷಯ ಇರುತ್ತದೆ.

ಕೊನೆಯ ಡಿಪ್ಲೊಮಾ ಚಿತ್ರ ಅಷ್ಟು ಮುಖ್ಯವಾ?

ಮುಖ್ಯ. ಕೋರ್ಸಿನಿಂದ ಹೊರಗೆ ಎತ್ತಿಕೊಂಡು ಹೋಗುವ ಸಾಮಾನು ಅದೊಂದೇ. ಸರ್ಟಿಫಿಕೇಟ್ ಡ್ರಾಯರಿನಲ್ಲಿ ಇರುತ್ತದೆ, ಚಿತ್ರ ಊರೂರು ತಿರುಗುತ್ತದೆ.

ವಿದ್ಯಾರ್ಥಿ ಚಿತ್ರಗಳಿಗೆ ಮಾತ್ರ ಇರುವ ಬಾಗಿಲುಗಳೂ ಇವೆ. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ 1998ರಲ್ಲಿ ಶುರುವಾದ ಸಿನೆಫೊಂಡಾಸಿಯೊಂ, ಈಗಿನ ಹೆಸರು ಲಾ ಸಿನೆಫ್, ಫಿಲ್ಮ್ ಸ್ಕೂಲುಗಳ ಚಿತ್ರಗಳಿಗೇ ಮೀಸಲು. 2024ರಲ್ಲಿ ಅಲ್ಲಿ ಮೊದಲ ಬಹುಮಾನ ಪಡೆದಿದ್ದು ಮೇಲೆ ಹೇಳಿದ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ. ಜನಪದ ಕಥೆಯೊಂದನ್ನು ಆಧರಿಸಿದ್ದು, ಸುಮಾರು 16 ನಿಮಿಷದ್ದು, ಒಂದು ವರ್ಷದ ಕೋರ್ಸಿನ ಕೊನೆಗೆ ನಾಲ್ಕೇ ದಿನದಲ್ಲಿ ತೆಗೆದದ್ದು. ಅದೇ ವರ್ಷ ಕಾನ್‌ನ ಮುಖ್ಯ ಸ್ಪರ್ಧೆಯಲ್ಲಿ ಎರಡನೇ ದೊಡ್ಡ ಬಹುಮಾನವಾದ ಗ್ರಾಂ ಪ್ರಿ ಪಡೆದ ಪಾಯಲ್ ಕಪಾಡಿಯಾ ಅವರ ವಿದ್ಯಾರ್ಥಿ ಚಿತ್ರ 2017ರಲ್ಲಿ ಇದೇ ವಿದ್ಯಾರ್ಥಿ ವಿಭಾಗದಲ್ಲಿತ್ತು. ಜೇನ್ ಕ್ಯಾಂಪಿಯನ್ 1982ರಲ್ಲಿ ವಿದ್ಯಾರ್ಥಿಯಾಗಿ ಮಾಡಿದ ಒಂಬತ್ತು ನಿಮಿಷದ ಚಿತ್ರಕ್ಕೆ 1986ರಲ್ಲಿ ಅದೇ ಕಾನ್‌ನಲ್ಲಿ ಕಿರುಚಿತ್ರಗಳ ಮೊದಲ ಬಹುಮಾನ ಪಾಮ್ ದೋರ್ ಬಂತು.

ಇವುಗಳ ಉದ್ದ ನೋಡಿ. ಒಂಬತ್ತು ನಿಮಿಷ, ಹದಿನಾರು ನಿಮಿಷ. ವಿದ್ಯಾರ್ಥಿಗಳು ಮಾಡುವ ದೊಡ್ಡ ತಪ್ಪು ಅಂದರೆ ಪೂರ್ಣಾವಧಿ ಸಿನಿಮಾದ ಕಥೆಯನ್ನು ಮೂವತ್ತು ನಿಮಿಷಕ್ಕೆ ತುರುಕುವುದು. ಚಿತ್ರೋತ್ಸವದಲ್ಲಿ ಕಿರುಚಿತ್ರಗಳನ್ನು ಗುಂಪಾಗಿ ತೋರಿಸುತ್ತಾರೆ, ಉದ್ದ ಜಾಸ್ತಿಯಾದಷ್ಟೂ ಜಾಗ ಸಿಗುವುದು ಕಷ್ಟ. ಚಿತ್ರ ಓಡಾಡುತ್ತಿರುವ ಆ ಒಂದು ವರ್ಷದಲ್ಲಿ ನಿಮ್ಮ ಕೈಯಲ್ಲಿ ಪೂರ್ತಿ ಬರೆದ ಒಂದು ಸಿನಿಮಾ ಸ್ಕ್ರಿಪ್ಟ್ ಇರಲೇಬೇಕು. "ಮುಂದೇನು?" ಅಂತ ಕೇಳಿದವರಿಗೆ "ಯೋಚಿಸುತ್ತಿದ್ದೇನೆ" ಅಂದರೆ ಅವರು ಮುಂದಿನವರ ಹತ್ತಿರ ಹೋಗುತ್ತಾರೆ. ಅದು ನನಗೇ ಆಗಿದೆ. ಒಬ್ಬ ನಿರ್ಮಾಪಕರು ಚಿತ್ರ ನೋಡಿ ತಾವೇ ಬಂದು ಮಾತಾಡಿಸಿದರು, ನನ್ನ ಹತ್ತಿರ ಕೊಡುವುದಕ್ಕೆ ಒಂದು ಹಾಳೆಯೂ ಇರಲಿಲ್ಲ.

ಯಾವ ಸ್ಕೂಲು ಒಳ್ಳೆಯದು ಅಂತ ಹೇಗೆ ಗೊತ್ತು ಮಾಡಿಕೊಳ್ಳುವುದು?

ರ‍್ಯಾಂಕಿಂಗ್ ಪಟ್ಟಿ ಪಕ್ಕಕ್ಕಿಡಿ. ಕೋರ್ಸ್ ಮುಗಿಯುವಷ್ಟರಲ್ಲಿ ನಾನು ನಿರ್ದೇಶಿಸುವ ಚಿತ್ರ ಎಷ್ಟು ಅಂತ ಕೇಳಿ. ಕೆಲವು ಕಡೆ ಮೊದಲ ವರ್ಷವೇ ಮೂರು ಮಾಡಿಸುತ್ತಾರೆ, ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಹಾಗೆ ಹೆಸರಾದದ್ದು. ಕೆಲವು ಕಡೆ ಎಲ್ಲರೂ ಸ್ಕ್ರಿಪ್ಟ್ ಕೊಟ್ಟು, ಆಯ್ಕೆಯಾದ ಕೆಲವರಿಗೆ ಮಾತ್ರ ನಿರ್ದೇಶನ ಸಿಗುತ್ತದೆ, ಉಳಿದವರು ಅವರಿಗೆ ಕೆಲಸ ಮಾಡಬೇಕು. ಸೇರಿದ ಮೇಲೆ ಇದು ಗೊತ್ತಾದರೆ ಎದೆ ಒಡೆಯುತ್ತದೆ.

ಕೊನೆಯ ಚಿತ್ರದ ಖರ್ಚು ಯಾರದ್ದು ಅಂತಲೂ ಕೇಳಿ, ಅದು ಫೀಸಿನ ಹೊರಗೆ ಇರುವುದೇ ಜಾಸ್ತಿ. ಚಿತ್ರದ ಹಕ್ಕು ಯಾರ ಹೆಸರಿನಲ್ಲಿ ಇರುತ್ತದೆ ಅನ್ನುವುದನ್ನು ಕಾಗದದಲ್ಲಿ ಓದಿ. ಕೆಲವು ಸ್ಕೂಲುಗಳು ಹಕ್ಕು ತಾವೇ ಇಟ್ಟುಕೊಳ್ಳುತ್ತವೆ, ಆಗ ನಿಮ್ಮದೇ ಚಿತ್ರವನ್ನು ಎಲ್ಲಾದರೂ ಹಾಕಬೇಕೆಂದರೆ ಅವರ ಅನುಮತಿ ಬೇಕು. ಕ್ಯಾಮೆರಾ, ಸೌಂಡ್, ಎಡಿಟಿಂಗ್ ಓದುವವರು ಅದೇ ಕ್ಯಾಂಪಸ್ಸಿನಲ್ಲಿ ಇದ್ದಾರಾ ನೋಡಿ. ಇಪ್ಪತ್ತು ಜನ ಡೈರೆಕ್ಟರುಗಳೇ ಇರುವ ಕಡೆ ಬೂಮ್ ಹಿಡಿಯುವವರು ಯಾರು?

ಎಲ್ಲಕ್ಕಿಂತ ಮುಖ್ಯವಾಗಿ, ಐದು ವರ್ಷದ ಹಿಂದೆ ಮುಗಿಸಿದ ಇಬ್ಬರು ಮೂವರನ್ನು ಹುಡುಕಿ ಮಾತಾಡಿ. ಹೆಸರು ಮಾಡಿದವರನ್ನಲ್ಲ, ಸಾಧಾರಣ ಹಳೆಯ ವಿದ್ಯಾರ್ಥಿಗಳನ್ನು. ಈಗ ಏನು ಮಾಡುತ್ತಿದ್ದೀರಿ, ಬ್ಯಾಚಿನವರ ಜೊತೆ ಇನ್ನೂ ಕೆಲಸ ಮಾಡುತ್ತೀರಾ ಅಂತ ಕೇಳಿ. ಎರಡನೇ ಪ್ರಶ್ನೆಗೆ ಅವರ ದನಿ ಹೇಗಿರುತ್ತದೆ ಅನ್ನುವುದೇ ಸಾಕು.

ವಯಸ್ಸು ಮೂವತ್ತು ದಾಟಿದೆ. ತಡ ಆಯಿತಾ?

ಇಲ್ಲ. ಆಂಗ್ ಲೀ ಮೊದಲ ಸಿನಿಮಾ ಮಾಡುವಾಗ 36 ದಾಟಿತ್ತು. ಮೈಕೆಲ್ ಹಾನೆಕೆ ವರ್ಷಗಟ್ಟಲೆ ಟೀವಿಯಲ್ಲಿ ದುಡಿದು, ಚಿತ್ರಮಂದಿರಕ್ಕೆ ಅಂತ ಮೊದಲ ಸಿನಿಮಾ ಕೊಟ್ಟಾಗ 47. ಮನೆಯ ಜವಾಬ್ದಾರಿ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸೀಟು ಸಿಗದಿದ್ದರೆ?

ಕೀಸ್ಲೋವ್‌ಸ್ಕಿಗೆ ವೂಚ್‌ನಲ್ಲಿ ಎರಡು ಸಲ ಸೀಟು ಸಿಗಲಿಲ್ಲ, ಮೂರನೇ ಸಲ ಸಿಕ್ಕಿತು. ಸ್ಟೀವನ್ ಸ್ಪಿಲ್‌ಬರ್ಗ್ ಅವರನ್ನು ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ತೆಗೆದುಕೊಳ್ಳಲಿಲ್ಲ. ಸೀಟು ಸಿಗಲಿಲ್ಲ ಅಂದರೆ ನಿಮಗೆ ಸಿನಿಮಾ ಬರುವುದಿಲ್ಲ ಅಂತ ಅರ್ಥ ಅಲ್ಲ. ಸೀಟು ಕಡಿಮೆ, ನೋಡುವವರ ರುಚಿ ಬೇರೆ ಬೇರೆ. ಮತ್ತೆ ಅರ್ಜಿ ಹಾಕುವುದಾದರೆ ಹೊಸ ಕೆಲಸದ ಜೊತೆ ಹಾಕಿ, ಹೋದ ವರ್ಷದ್ದನ್ನೇ ತಿದ್ದಿ ಕಳಿಸಬೇಡಿ.

ಡೈರೆಕ್ಟರ್ ಆಗದೇ ಹೋದರೆ ಆ ಡಿಗ್ರಿ ವ್ಯರ್ಥವಾ?

ಕೈಯಲ್ಲಿ ಒಂದು ಕಸುಬು ಇದ್ದರೆ ವ್ಯರ್ಥ ಅಲ್ಲ. ಅದಕ್ಕೇ ನಿರ್ದೇಶನದ ಜೊತೆ ಇನ್ನೊಂದನ್ನು ಗಟ್ಟಿಯಾಗಿ ಕಲಿಯಿರಿ: ಎಡಿಟಿಂಗ್, ಕ್ಯಾಮೆರಾ, ಸೌಂಡ್, ಸ್ಕ್ರಿಪ್ಟ್ ಸೂಪರ್‌ವಿಷನ್, ಯಾವುದಾದರೂ. ಆ ಖಾಲಿ ವರ್ಷಗಳಲ್ಲಿ ಹೊಟ್ಟೆ ಹೊರೆಯುವುದು ಅದು. ಅಮೆರಿಕದಂಥ ಕಡೆ ಎಂಎಫ್‌ಎ, ಅಂದರೆ ಕಲೆಯ ಸ್ನಾತಕೋತ್ತರ ಡಿಗ್ರಿ, ಇದ್ದರೆ ಯೂನಿವರ್ಸಿಟಿಯಲ್ಲಿ ಪಾಠ ಮಾಡಬಹುದು, ಡಿಗ್ರಿಗೆ ನೇರ ಬೆಲೆ ಇರುವ ಕೆಲಸ ಅದೊಂದೇ ಅನ್ನಬಹುದು. ನನ್ನ ಮನೆ ನಡೆಯುವುದು ಎಡಿಟಿಂಗಿನಿಂದ. ಅದರಿಂದಲೇ ನನ್ನ ಚಿತ್ರಗಳೂ ಆಗುತ್ತಿವೆ.

ಅರ್ಜಿ ಹಾಕುವ ಮುಂಚೆ ಏನು ಮಾಡಲಿ?

ಒಂದು ಮೂರು ನಿಮಿಷದ ಚಿತ್ರ ಮಾಡಿ. ಇಬ್ಬರು ಪಾತ್ರಧಾರಿಗಳು, ಒಂದೇ ಕೋಣೆ, ಮಾತು ಬೇಡ. ಒಬ್ಬರಿಗೆ ಏನೋ ಬೇಕು, ಇನ್ನೊಬ್ಬರು ಕೊಡುವುದಿಲ್ಲ. ಕಿಟಕಿಯ ಬೆಳಕು ಸಾಕು, ಮೊಬೈಲ್ ಸಾಕು. ಒಂದು ದಿನ ಶೂಟ್ ಮಾಡಿ, ಎರಡು ದಿನ ಎಡಿಟ್ ಮಾಡಿ, ನಾಲ್ಕನೇ ದಿನ ಐದು ಜನರಿಗೆ ತೋರಿಸಿ. ಏನು ನಡೆಯಿತು ಅಂತ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳಿ, ನೀವು ಮಧ್ಯೆ ಬಾಯಿ ಹಾಕಬೇಡಿ. ಆಮೇಲೆ ಅದೇ ಕಥೆಯನ್ನು ಪೂರ್ತಿ ಮತ್ತೆ ಶೂಟ್ ಮಾಡಿ.

ಎರಡನೇ ಸಲ ಶೂಟ್ ಮಾಡುವ ದಿನ ಬೆಳಗ್ಗೆ ನಿಮಗೆ ಹುಮ್ಮಸ್ಸು ಇದೆಯಾ, ಬೇಜಾರಿದೆಯಾ ಅಂತ ನೋಡಿಕೊಳ್ಳಿ. ಹುಮ್ಮಸ್ಸಿದ್ದರೆ ಅರ್ಜಿ ತುಂಬಿ, ಆ ಎರಡೂ ಚಿತ್ರಗಳನ್ನು ಜೊತೆಗಿಟ್ಟು ಕಳಿಸಿ.